ಹಿಡಿದೆ ಅಂದುಕೊಂಡ ಬ್ರೇಕು

ಮೈಸೂರು
ಡಿಸೆಂಬರ್ ಕೊನೆ ವಾರ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಮೊನ್ನೆ ಬಂತು. ಫೋನಲ್ಲಿ ಮಾತಾಡಿದರೆ ಪಕ್ಕದ ರೂಮಲ್ಲಿ ಅಮ್ಮನಿಗೆ ಕೇಳಿಸುತ್ತೆ ಅಂತ ಬರೆದು ಹಾಕಿದ್ದೀಯ. ನಾನೂ ಅವಳಿಗೆ ಏನೂ ಹೇಳಿಲ್ಲ. ಕೆಲಸಕ್ಕೆ ಅಷ್ಟು ದೂರ ಬೈಕಲ್ಲಿ ಯಾಕೆ, ಬಸ್ಸಿದೆ, ರೈಲಿದೆ, ಬಸ್ಸಂತೂ ಹೆಂಗಸರಿಗೆ ಫ್ರೀ ಅಂತ ಅವಳು ದಿನಾ ಹೇಳುವುದನ್ನು ನಾನು ಇಲ್ಲಿ ಮತ್ತೆ ಬರೆಯುವುದಿಲ್ಲ. ಬಸ್ಸಿಳಿದು ಆ ಕತ್ತಲಲ್ಲಿ ಇಲ್ಲಿನ ಹೆಬ್ಬಾಳದ ಫ್ಯಾಕ್ಟರಿ ಏರಿಯಾಕ್ಕೆ ಹೋಗುವ ಪಾಡು ಏನು ಅಂತ ನನಗೂ ಗೊತ್ತು.

ಕಾಗದ ಪೂರ್ತಿ ಓದಿದೆ. ಗೆಳತಿಯರ ಜೊತೆ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಬಂದದ್ದು, ಗುಂಡ್ಲುಪೇಟೆ ದಾಟಿದ ಮೇಲೆ ಮಂಜು, ಇಡ್ಲಿ, ನಗು. ಎಲ್ಲ ಚೆನ್ನಾಗಿ ಬರೆದಿದ್ದೀಯ. ಆದರೆ ಮೂರನೇ ಪುಟದ ಮಧ್ಯದಲ್ಲಿ, ಬೇರೇನೋ ಹೇಳುತ್ತಾ ಕೆಲಸಕ್ಕೆ ಹೋಗುವ ದಾರಿಯ ಒಂದು ಮಾತು ತೂರಿಸಿಬಿಟ್ಟಿದ್ದೀಯ. 'ಗಣಂಗೂರು ಹತ್ತಿರ ಮುಂದೆ ಕಬ್ಬಿನ ಟ್ರ್ಯಾಕ್ಟರ್ ನಿಂತಿತ್ತು, ಬ್ರೇಕ್ ಹಿಡಿದೆ ಅಂದುಕೊಂಡೆ ದೊಡ್ಡಮ್ಮ, ಬೆರಳು ಮಡಚಿಯೇ ಇರಲಿಲ್ಲ. ಕಾಲಿನ ಬ್ರೇಕಲ್ಲಿ ಹೇಗೋ ನಿಂತೆ.' ಅಷ್ಟು ಬರೆದು ಮುಂದಿನ ಸಾಲಿಗೇ ಬೆಟ್ಟದ ಮಂಜಿಗೆ ಹೋಗಿಬಿಟ್ಟೆ.

ನನಗೆ ಹಾಗೆ ಹೋಗಲಾಗಲಿಲ್ಲ. ಎರಡು ರಾತ್ರಿಯಿಂದ ಅದೇ ಸಾಲು.

ಟ್ರ್ಯಾಕ್ಟರಿಗೂ ನಿನಗೂ ಎಷ್ಟು ದೂರವಿತ್ತು ಅಂತ ನೀನು ಬರೆದಿಲ್ಲ. ಲೆಕ್ಕದ ಟೀಚರ್ ಆಗಿದ್ದವಳು ನಾನು, ಸುಮ್ಮನಿರಲಿಕ್ಕೆ ಆಗುತ್ತಾ? ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್. ಬೆರಳು ಅರ್ಧ ಸೆಕೆಂಡ್ ತಡ ಮಾಡಿದರೆ 8 ಮೀಟರಿಗಿಂತ ಜಾಸ್ತಿ ಹಾಗೇ ಹೋಗಿಬಿಟ್ಟಿರುತ್ತೀಯ, ಬ್ರೇಕ್ ಇನ್ನೂ ಶುರುವೇ ಆಗಿರುವುದಿಲ್ಲ. ನಿಂದು ಅರ್ಧ ಸೆಕೆಂಡಿನ ಮಾತೂ ಅಲ್ಲ. ಬೆರಳು ಮಡಚಿಯೇ ಇರಲಿಲ್ಲ ಅಂತೀಯ. ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿದೆ.

ಗಾಡಿಗೆ ಎಬಿಎಸ್ ಇದೆ, ಹೆದರಬೇಡಿ ಅಂತಲೂ ಬರೆದಿದ್ದೀಯ. 2019ರ ಏಪ್ರಿಲ್ ಆದಮೇಲೆ 125 ಸಿಸಿ ಮೇಲಿನ ಹೊಸ ಗಾಡಿಗೆಲ್ಲ ಅದು ಕಡ್ಡಾಯ, ಅದು ನನಗೂ ಗೊತ್ತು. ಚಕ್ರ ಲಾಕಾಗಿ ಜಾರದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಬ್ರೇಕ್ ಹಿಡಿಯುವುದು ನಿನ್ನ ಬೆರಳೇ ತಾನೇ? ಹಿಡಿಯದ ಬ್ರೇಕಿಗೆ ಎಬಿಎಸ್ ಏನು ಮಾಡುತ್ತೆ?

ಇರಲಿ. ನೀನು ಕೇಳಿದ್ದು ಬೇರೆ. ಚಳಿ ಮಳೆಯಲ್ಲಿ ಗಾಡಿ ಓಡಿಸುವುದು ನಿಜವಾಗಲೂ ಮಜಾನಾ, ಇಲ್ಲ ನಾನು ಹಠಕ್ಕೆ ಮಜಾ ಅಂತ ಹೇಳಿಕೊಳ್ಳುತ್ತಿದ್ದೀನಾ ಅಂತ. ಈಗೀಗ ಮೋಡ ಕಂಡರೆ ಹೊಟ್ಟೆಯಲ್ಲಿ ಏನೋ ಆಗುತ್ತೆ, ಹೇಡಿ ಆಗಿಬಿಟ್ಟೆನಾ ಅಂತ.

ಮಜಾ ಇದೆ ಪುಟ್ಟಿ. ಇಲ್ಲ ಅಂದರೆ ನಾನು ಸುಳ್ಳು ಹೇಳಿದ ಹಾಗಾಗುತ್ತೆ.

ನಿನ್ನ ದೊಡ್ಡಪ್ಪ ಇಲ್ಲೇ ಯಾದವಗಿರಿಯ ಜಾವಾ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. 1961ರಿಂದ ಅಲ್ಲಿ ಗಾಡಿ ತಯಾರಾಗುತ್ತಿತ್ತು. ನಾವು ಮದುವೆಯಾಗುವ ಹೊತ್ತಿಗೆ ಹೆಸರು ಯೆಜ್ಡಿ ಅಂತ ಆಗಿತ್ತು, ಇವರ ಹತ್ತಿರ ಮಾತ್ರ ಸೆಕೆಂಡ್ ಹ್ಯಾಂಡ್ ಹಳೇ ಜಾವಾ. ಕಿಕ್ಕರೂ ಗೇರೂ ಒಂದೇ ಕಡ್ಡಿ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಹಿಂದೆ ಕೂತರೆ ಸೀರೆಗೆಲ್ಲ ಆ ಹೊಗೆಯ ವಾಸನೆ. ನನಗೆ ಅದು ಇಷ್ಟವಾಗುತ್ತಿತ್ತು, ಈಗ ಹೇಳಿದರೆ ನೀನು ನಗ್ತೀಯ.

ಡಿಸೆಂಬರಿನಲ್ಲಿ ಅಮ್ಮನ ಮನೆಗೆ ಅಂತ ಮಂಡ್ಯಕ್ಕೆ ಹೊರಟರೆ ಬೆಳಗಿನ ಜಾವವೇ ಹೊರಡಬೇಕು, ಅದು ಅವರ ಶಾಸ್ತ್ರ. ಮದ್ರಾಸ್ ಕಡೆ ಸಮುದ್ರದಲ್ಲಿ ವಾಯುಭಾರ ಕುಸಿದರೆ ನಮಗಿಲ್ಲಿ ಜಡಿಮಳೆ. ಈಗಲೂ ಹಾಗೇ ಅಲ್ವಾ. 2024ರ ನವೆಂಬರ್ 30ಕ್ಕೆ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಹತ್ತಿತು, ನಮ್ಮ ಹಿತ್ತಲಲ್ಲಿ ಬಟ್ಟೆ ಒಣಗಲಿಲ್ಲ. ಆಗ ರಸ್ತೆ ಸಣ್ಣದು. ಶ್ರೀರಂಗಪಟ್ಟಣದಲ್ಲಿ ಹೊಳೆ ದಾಟುವಾಗ ನೀರಿನ ಮೇಲಿಂದ ಮಂಜು ಎದ್ದು ಸೇತುವೆಯ ಆಚೆ ತುದಿಯೇ ಕಾಣುತ್ತಿರಲಿಲ್ಲ. ಎಲ್ಲಾ ಒದ್ದೆ, ಎಲ್ಲಾ ಬೂದಿ ಬಣ್ಣ, ನಾವಿಬ್ಬರೇ. ನನ್ನ ಎರಡೂ ಕೈ ಅವರ ಕೋಟಿನ ಜೇಬಿನಲ್ಲಿ. ಅಷ್ಟು ಬೆಚ್ಚಗೆ ನಾನು ರಜಾಯಿ ಒಳಗೂ ಇದ್ದಿಲ್ಲ.

ದಾರಿಯಲ್ಲಿ ಯಾವುದಾದರೂ ಆಲೆಮನೆ ಕಂಡರೆ ನಿಲ್ಲಿಸುತ್ತಿದ್ದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತೆ, ಒಲೆಗೆ ಕಬ್ಬಿನ ಸಿಪ್ಪೆ ತುರುಕುತ್ತಾ ಇರುತ್ತಾರೆ. ಅಲ್ಲಿ ಯಾರೂ ಯಾಕೆ ಬಂದಿರಿ ಅಂತ ಕೇಳುತ್ತಿರಲಿಲ್ಲ. ಇವರು ಒಲೆಯ ಬಾಯಿ ಹತ್ತಿರ ಕುಕ್ಕರುಗಾಲಲ್ಲಿ ಕೂತು ಕೈ ಚಾಚಿಕೊಂಡು, ನನ್ನ ಕಡೆ ತಿರುಗಿ 'ಏನು, ಮಜಾ ಅಲ್ವಾ?' ಅನ್ನುತ್ತಿದ್ದರು. ನಾನು 'ಹೂಂ' ಅನ್ನುತ್ತಿದ್ದೆ. ನಿಜವಾಗಿಯೂ ಹೂಂ.

ಆದರೆ ನಿನ್ನ ಕಾಗದ ಓದಿದ ಮೇಲೆ ಆ ಕೂತ ಭಂಗಿ ಬೇರೆ ಥರ ಕಾಣ್ತಾ ಇದೆ. ಮನುಷ್ಯ ಬರೀ ಖುಷಿಗೆ ಅಷ್ಟು ಹೊತ್ತು ಒಲೆ ಮುಂದೆ ಕೂರುತ್ತಾನಾ?

ಊರು ತಲುಪಿದ ಮೇಲೆ ಕೋಟಿನ ಗುಂಡಿ ನನ್ನ ಕೈಲೇ ಬಿಚ್ಚಿಸಿಕೊಳ್ಳುತ್ತಿದ್ದರು. ಬೀಗದ ಕೈ ಕೊಟ್ಟು ನೀನೇ ತೆಗಿ ಅನ್ನುತ್ತಿದ್ದರು. ನನ್ನಮ್ಮ ನೋಡಿ ಒಳಗೊಳಗೇ ನಗುತ್ತಿದ್ದಳು, ಅಳಿಯನಿಗೆ ಮಗಳ ಮೇಲೆ ಎಷ್ಟು ಸಲಿಗೆ ಅಂತ. ನಾನೂ ಹಾಗೇ ತಿಳಿದಿದ್ದೆ. ಒಂದು ಸಲ ಬಲಗೈ ಮಣಿಕಟ್ಟಿನ ಹತ್ತಿರ ದೊಡ್ಡ ಬೊಬ್ಬೆ. ದಾರಿಯಲ್ಲಿ ಕೈ ಕಾಯಿಸಿಕೊಳ್ಳೋಕೆ ಹೋಗಿ ಸೈಲೆನ್ಸರಿಗೆ ತಾಗಿಸಿಕೊಂಡಿದ್ದಾರೆ, ಸುಟ್ಟದ್ದೇ ಗೊತ್ತಾಗಿಲ್ಲ. ಬಚ್ಚಲಿನಲ್ಲಿ ಬಿಸಿನೀರು ಹೊಯ್ದುಕೊಂಡಾಗ ಕೂಗಿಕೊಂಡರು. ಸುಟ್ಟರೂ ಗೊತ್ತಾಗದ ಕೈಯಲ್ಲಿ ನನ್ನನ್ನು ಕೂರಿಸಿಕೊಂಡು ಅಷ್ಟು ದೂರ ಬಂದಿದ್ದರು ಅಂತ ಈಗ, ಈ ವಯಸ್ಸಿನಲ್ಲಿ, ನಿನ್ನ ಒಂದು ಸಾಲು ಓದಿ ಹೊಳೆಯಿತು. ಅವರನ್ನು ಕೇಳೋಣ ಅಂದರೆ ಅವರಿಲ್ಲ. ನಿಮಗೂ ಹಾಗೆ ಆಗುತ್ತಿತ್ತಾ, ಭಯವಾಗುತ್ತಿತ್ತಾ ಅಂತ ಒಂದು ಸಲವೂ ಕೇಳಲಿಲ್ಲ ನಾನು. ಅವರೂ ಹೇಳಲಿಲ್ಲ. ಗಂಡಸರು ಹೇಳುವುದೂ ಇಲ್ಲ.

ನೀನು ಹೇಳಿದ್ದೀಯ. ಅದಕ್ಕೇ ನನಗೆ ಹೇಡಿ ಅನ್ನೋ ಮಾತು ಸರಿ ಕಾಣಲಿಲ್ಲ.

ಈ ಬೆರಳು ಮರಗಟ್ಟುವುದು ಮನಸ್ಸಿನ ವಿಷಯವೇ ಅಲ್ಲ. ಮೈ ತಣ್ಣಗಾಗ್ತಾ ಬಂದರೆ ಎದೆ ಹೊಟ್ಟೆ ಬೆಚ್ಚಗಿರಲಿ ಅಂತ ದೇಹ ಕೈಕಾಲಿನ ತುದಿಗೆ ಹೋಗೋ ರಕ್ತವನ್ನು ಕಡಿಮೆ ಮಾಡುತ್ತೆ. ಅಕ್ಕಿ ಸಾಲದಾದರೆ ಮೊದಲು ದೂರದ ನೆಂಟರಿಗೆ ಕೈ ತಡೆಯುತ್ತೀವಲ್ಲ, ಹಾಗೆ. ನಮ್ಮೂರ ಡಿಸೆಂಬರಿನ ಬೆಳಗಿನ ಜಾವ ಅಂದರೆ 15, 16 ಡಿಗ್ರಿ ಇರುತ್ತೆ. ಉತ್ತರದವರಿಗೆ ಅದು ಚಳಿಯೇ ಅಲ್ಲ. ಆದರೆ ಒದ್ದೆ ಬಟ್ಟೆ, ಅದರ ಮೇಲೆ ಗಾಡಿಯ ವೇಗದ ಗಾಳಿ, ಒಂದು ಗಂಟೆ ಅಲುಗಾಡದ ಕೈ. ಹಾಗಾದರೆ 15 ಡಿಗ್ರಿಯೂ ಸಾಕು. ಇದು ಧೈರ್ಯ ಇದ್ದವರಿಗೂ ಆಗುತ್ತೆ, ಇಲ್ಲದವರಿಗೂ ಆಗುತ್ತೆ.

ಅದಕ್ಕೇ ಗ್ಲೌಸ್ ಒಂದೇ ಸಾಲದು ಅನಿಸುತ್ತೆ. ಎದೆ ಬೆಚ್ಚಗಿದ್ದರೆ ಬೆರಳಿಗೂ ರಕ್ತ ಬರುತ್ತೆ. ದೊಡ್ಡಪ್ಪ ಅಂಗಿಗೂ ಕೋಟಿಗೂ ನಡುವೆ ಹಳೇ ಪೇಪರ್ ಮಡಚಿ ಇಟ್ಟುಕೊಳ್ಳುತ್ತಿದ್ದರು. ಈಗ ಅದಕ್ಕೆಲ್ಲ ಒಳ್ಳೊಳ್ಳೆ ಜಾಕೆಟ್ ಬಂದಿವೆ ಬಿಡು, ನಾನೇನು ಹೇಳೋದು. ರೇನ್‌ಕೋಟನ್ನು ಮಳೆ ಬಂದ ಮೇಲೆ ಹಾಕಿಕೊಳ್ಳೋಣ ಅಂತ ಮಾತ್ರ ಇಟ್ಟುಕೊಳ್ಳಬೇಡ. ಒದ್ದೆಯಾದ ಮೇಲೆ ಹಾಕಿಕೊಂಡರೆ ಒದ್ದೆಯನ್ನೇ ಮುಚ್ಚಿಟ್ಟುಕೊಂಡ ಹಾಗೆ. ಹಾಲಿನವರು ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಹೋಗೋದನ್ನು ನೋಡಿದ್ದೀನಿ. ಬೇಡಪ್ಪ, ಬ್ರೇಕಿನ ಕಡ್ಡಿಯ ಮೇಲೆ ಜಾರಿಬಿಟ್ಟರೆ?

ನೋಡು, ಮತ್ತೆ ಅಲ್ಲಿಗೇ ಬಂದೆ.

2023ರ ಆಗಸ್ಟ್ ಒಂದರಿಂದ ಬೈಕನ್ನೂ ಟ್ರ್ಯಾಕ್ಟರನ್ನೂ ಹೊಸ ಬೆಂಗಳೂರು-ಮೈಸೂರು ಹೈವೇಯಿಂದ ಒಟ್ಟಿಗೇ ಕೆಳಗಿಳಿಸಿದರು. ದೊಡ್ಡ ರಸ್ತೆಯಲ್ಲಿ ಅಪಘಾತ ಕಡಿಮೆಯಾಗಲಿ ಅಂತ ಮಾಡಿದ್ದು, ತಪ್ಪು ಅನ್ನಲಾರೆ. ಆದರೆ ಈಗ ಸರ್ವೀಸ್ ರಸ್ತೆಯಲ್ಲಿ ನೀನು, ಮುಂದೆ ಕಬ್ಬು ಹೊತ್ತ ಟ್ರೈಲರ್, ಅದಕ್ಕೆ ಹಿಂದೆ ಕೆಂಪು ದೀಪ ಇದ್ದರೆ ಪುಣ್ಯ. ಮಂಡ್ಯದವಳಾಗಿ ಕಬ್ಬನ್ನು ಬೈಯಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಆ ಕತ್ತಲಲ್ಲಿ ಅದು ರಸ್ತೆಗೆ ಅಡ್ಡ ಬಂದ ಗೋಡೆ ಅಷ್ಟೆ. ಆದ್ದರಿಂದ 60ರಲ್ಲಿ ಹೋಗಬೇಡ ಅಂತ ಕೇಳಿಕೊಳ್ಳಲಾ? ಮಳೆ ಇದ್ದ ದಿನ 40. ಇನ್ನೂ ಸ್ವಲ್ಪ ಮುಂಚೆ ಏಳಬೇಕಾಗುತ್ತೆ, ಪಾಪ, ಈಗಲೇ ನಾಲ್ಕಕ್ಕೆ ಏಳುತ್ತೀಯ.

ನಿನ್ನ ಪ್ರಶ್ನೆಗೆ ನಾನು ಇನ್ನೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ಯೋಚಿಸಿದೆ. ಬೆಟ್ಟಕ್ಕೆ ಹೋದ ದಿನವೂ ಮಳೆ, ಚಳಿ. ಆವತ್ತು ಭಯ ಆಗಲಿಲ್ಲ ಅಂತೀಯ. ಯಾಕಿರಬಹುದು? ಆವತ್ತು ಬೇಕಾದ ಕಡೆ ನಿಲ್ಲಿಸಿದಿರಿ. ಬೇಗೂರಿನ ಹತ್ತಿರ ಕಾಫಿ ಕುಡಿದಿರಿ, ಕೈ ಉಜ್ಜಿಕೊಂಡಿರಿ, ಜಾಸ್ತಿ ಆದರೆ ವಾಪಸ್ ಬರೋಣ ಅಂತ ಮಾತಾಡಿಕೊಂಡಿದ್ದಿರಿ. ಕೆಲಸಕ್ಕೆ ಹೋಗುವಾಗ ನಿಲ್ಲುವುದು ನಿನ್ನ ಕೈಯಲ್ಲಿಲ್ಲ, ಪಂಚ್ ಮಾಡೋ ಹೊತ್ತು ಮೀರುತ್ತೆ. ಒಂದೇ ಮಳೆ, ಒಂದೇ ಗಾಡಿ. ಇವರು ಆಲೆಮನೆ ಕಂಡಲ್ಲಿ ನಿಲ್ಲಿಸುತ್ತಿದ್ದರಲ್ಲ, ಅವರ ಮಜಾ ಎಲ್ಲ ಆ ನಿಲ್ಲಿಸೋದರಲ್ಲೇ ಇತ್ತೋ ಏನೋ. ಓಡಿಸುವುದರಲ್ಲಿ ಎಷ್ಟಿತ್ತು ಅಂತ ನನಗೆ ಗೊತ್ತಿಲ್ಲ, ನಾನು ಅವರ ಬೆನ್ನ ಮರೆಯಲ್ಲಿದ್ದವಳು.

ಅದೂ ಒಂದು ಕೊರಗು. ದೊಡ್ಡಕೆರೆ ಮೈದಾನಕ್ಕೆ ಕರೆದುಕೊಂಡು ಹೋಗಿ ಕಲಿಸ್ತೀನಿ ಬಾ ಅಂತ ಎಷ್ಟು ಸಲ ಕರೆದರು. ಸೀರೆ ಉಟ್ಟುಕೊಂಡು ಹೇಗೆ, ಸ್ಕೂಲಿನ ಮಕ್ಕಳು ನೋಡಿದರೆ ಏನಂದುಕೊಳ್ಳುತ್ತಾರೆ ಅಂದೆ. ನೀನು ಮೊದಲ ಸಂಬಳಕ್ಕೆ ಗಾಡಿ ತಂದು ನಮ್ಮ ಗೇಟಿನ ಮುಂದೆ ನಿಲ್ಲಿಸಿದ ದಿನ ನಿನ್ನಮ್ಮ ಅತ್ತಳು, ನಾನು ಒಳಗೆ ಹೋಗಿ ಕನ್ನಡಿ ಮುಂದೆ ನಿನ್ನ ಹೆಲ್ಮೆಟ್ ಹಾಕಿಕೊಂಡು ನೋಡಿದೆ. ಯಾರಿಗೂ ಹೇಳಬೇಡ.

ಅದಕ್ಕೇ ಗಾಡಿ ಬಿಡು ಅಂತ ನನ್ನಿಂದ ಬರೆಯಲಾಗುತ್ತಿಲ್ಲ. ಬರೆದರೆ ನಿನ್ನಮ್ಮನಿಗೆ ಸಂತೋಷ, ನನಗೂ ನಿದ್ದೆ ಬಂದೀತು. ಹೀಗಂತ ಮಾತ್ರ ಕೇಳುತ್ತೇನೆ. ಬಲಗೈಯ ಹೆಬ್ಬೆರಳಿಗೆ ಉಳಿದ ಬೆರಳನ್ನೆಲ್ಲ ಒಂದೊಂದಾಗಿ ಮುಟ್ಟಿಸಲಿಕ್ಕೆ ಬರುತ್ತಾ ಅಂತ ದಾರಿಯಲ್ಲಿ ಗಾಡಿ ನಿಲ್ಲಿಸಿ ನೋಡು. ಮೊದಲ ಸಲ ಬಾಬುರಾಯನಕೊಪ್ಪಲಿನ ಹತ್ತಿರ, ಹೊಳೆ ದಾಟಿದ ಮೇಲೆ ಇನ್ನೊಂದು ಸಲ. ಕಿರುಬೆರಳು ಮುಟ್ಟಲಿಲ್ಲ ಅಂದರೆ ಅಲ್ಲೇ ಕೂತುಕೋ. ಕಂಕುಳಲ್ಲಿ ಕೈ ಇಟ್ಟುಕೋ, ಟೀ ಗ್ಲಾಸ್ ಹಿಡಿದುಕೋ, ಸೈಲೆನ್ಸರ್ ಹತ್ತಿರ ಮಾತ್ರ ಹೋಗಬೇಡ. ಲೇಟಾದರೆ ಸೂಪರ್‌ವೈಸರ್ ಬೈಯಲಿ. ಬೈದರೆ ನನಗೆ ಫೋನ್ ಮಾಡು ಅನ್ನೋಣ ಅಂದುಕೊಂಡೆ, ನಾನು ಮಾತಾಡಿದರೆ ಇರೋ ಕೆಲಸವೂ ಹೋದೀತು.

ಜಡಿಮಳೆ ಹಿಡಿದ ದಿನ ನಮ್ಮ ಮನೆಗೆ ಹಿಂದಿನ ರಾತ್ರಿಯೇ ಬಂದುಬಿಡು. ಇಲ್ಲಿಂದ ಹೆಬ್ಬಾಳ ಎಷ್ಟು ದೂರ? ದೊಡ್ಡಪ್ಪನ ರೂಮು ಖಾಲಿ ಇದೆ. ದೊಡ್ಡಮ್ಮ ಒಂಟಿ, ಜೊತೆಗೆ ಬಾ ಅಂದಳು ಅಂತ ಅಮ್ಮನಿಗೆ ಹೇಳು. ಪೂರ್ತಿ ಸುಳ್ಳೇನೂ ಅಲ್ಲ.

ಆ ಟ್ರ್ಯಾಕ್ಟರ್ ಎಷ್ಟು ದೂರವಿತ್ತು ಅಂತ ಮುಂದಿನ ಕಾಗದದಲ್ಲಿ ಬರಿ. ಬೇಡ, ಬರೆಯಬೇಡ. ಸಿಕ್ಕಾಗ ಹೇಳು.

ಗ್ಲೌಸಿನ ದುಡ್ಡು ನಾನು ಕೊಡ್ತೀನಿ. ನೀರು ಒಳಗೆ ಇಳಿಯದಂಥದ್ದು ತಗೋ, ಅಂಗಡಿಯಲ್ಲೇ ಹಾಕಿಕೊಂಡು ಮುಷ್ಟಿ ಮಡಚಿ ನೋಡು. ಬಿಗಿಯಾದದ್ದು ಬೇಡ, ಬಿಗಿಯಾದರೆ ರಕ್ತ ಓಡದೆ ಬೆರಳು ಇನ್ನೂ ಬೇಗ ಜೋಮು ಹಿಡಿಯುತ್ತೆ. ತೀರಾ ದಪ್ಪದ್ದೂ ಬೇಡ, ಕಡ್ಡಿ ಕೈಗೆ ತಿಳಿಯಬೇಕು.

ಇಂತಿ,
ನಿನ್ನ ದೊಡ್ಡಮ್ಮ