18 ಡಿಗ್ರಿ ಕಾಯ್ದವರಿಗೆ

ಮೊನ್ನೆ ಶುಕ್ರವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಆರು ವರ್ಷ ಹಣ್ಣಿನ ನೊಣದ ಹಿಂದೆ ಬಿದ್ದಿದ್ದೆ. ಕಳಿತ ಬಾಳೆಗೊನೆಗೆ ಮುತ್ತುತ್ತದಲ್ಲ, ಅದೇ. ಗೈಡಿಗೆ, ಪರೀಕ್ಷಕರಿಗೆ ಥೀಸಿಸಿನಲ್ಲೇ ವಂದನೆ ಹೇಳಿಯಾಗಿದೆ. ಇದು ಆ ಪುಟದಲ್ಲಿ ಹಿಡಿಸದವರಿಗೆ.

ನೊಣದ ಮರಿಹುಳದೊಳಗೆ ಮುಂದೆ ರೆಕ್ಕೆಯಾಗಬೇಕಾದ ಪುಟ್ಟ ಚೀಲವೊಂದಿದೆ, ನಾವು ಡಿಸ್ಕ್ ಅನ್ನುತ್ತೇವೆ. ಅದರ ನಡುಭಾಗ ಸತ್ತರೂ ಉಳಿದ ಕೋಶಗಳು ಮತ್ತೆ ಕಟ್ಟಿಕೊಳ್ಳುತ್ತವೆ. ಅಲ್ಲಿವರೆಗೆ ಹುಳ, ನೊಣವಾಗುವ ಮೊದಲಿನ ಪ್ಯೂಪಾ ಹಂತಕ್ಕೆ ಹೋಗದೆ ಕಾಯುತ್ತದೆ. ಗಾಯಗೊಂಡ ಡಿಸ್ಕೇ ಡಿಲ್ಪ್8 ಎಂಬ ಪ್ರೋಟೀನ್ ಬಿಟ್ಟು ಅದನ್ನು ತಡೆಯುತ್ತದೆ ಎಂದು ಗೊತ್ತಾದದ್ದು 2012ರಲ್ಲಿ. ಆದರೆ ಹುಳ ಬಲಿತಂತೆ ಮತ್ತೆ ಕಟ್ಟಿಕೊಳ್ಳುವ ಶಕ್ತಿ ಕುಂದುತ್ತದೆ. ಮತ್ತೆ ಕಟ್ಟಲು ನೆರವಾಗುವ ವಿಂಗ್‌ಲೆಸ್ ಜೀನನ್ನು ಗಾಯವಾದಾಗ ಎಬ್ಬಿಸುವ ಡಿಎನ್‌ಎ ತುಣುಕಿಗೆ ಆಗ ಪಾಲಿಕೋಂಬ್ ಎಂಬ ಪ್ರೋಟೀನುಗಳು ಬೀಗ ಜಡಿಯುತ್ತವೆ. ನನ್ನ ಆರು ವರ್ಷ ಹೋದದ್ದು ಆ ಬೀಗದ ಹಿಂದೆ.

ಡಿಸ್ಕಿಗೆ ಗಾಯ ಮಾಡಲು ಚಾಕು ಬೇಡ, ಕೋಶಗಳನ್ನು ಸಾಯಿಸುವ ರೀಪರ್ ಎಂಬ ಜೀನ್ ಸಾಕು. ನಮ್ಮ ಹುಳಗಳಲ್ಲಿ 18 ಡಿಗ್ರಿಗೆ ಅದು ಮಲಗಿರುತ್ತದೆ, 30ಕ್ಕೆ ಏರಿಸಿದರೆ ಏಳುತ್ತದೆ. ಉಡುಪಿಯ ಜೂನ್ ಮಳೆಗೆ ಕರೆಂಟ್ ಹೋದರೆ? ಹುಳಗಳನ್ನು 18ರಲ್ಲೇ ತಣ್ಣಗಿಡುವ ಇನ್‌ಕ್ಯುಬೇಟರ್ ಮೆಲ್ಲ ಬೆಚ್ಚಗಾಗುತ್ತದೆ, ರೀಪರ್ ಅರೆಬರೆ ಎದ್ದು ಕೂರುತ್ತದೆ, ಮೂರು ವಾರದ ಕೆಲಸ ನೀರುಪಾಲು. ಎರಡು ಸಲ ಹೀಗಾಯಿತು. ಎರಡನೇ ಸಲ ಮೆಟ್ಟಿಲ ಮೇಲೆ ಕೂತು ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಸಂಗತಿ ಗೊತ್ತಾಗಿ ಮಲ್ಪೆಯ ನಮ್ಮ ಮಾವ ಕೇಳಿದ್ದು ಒಂದೇ: "ತಣ್ಣಗೆ ಇಡ್ಲಿಕ್ಕೆ ಎಂತ ಮಾರಾಯ್ತಿ, ನಾವು ಮೀನು ಇಡುವುದಿಲ್ಲವಾ?" ಬೋಟುಗಳಿಗೆ ಮಳೆಗಾಲದ ರಜೆ, ಪೆಟ್ಟಿಗೆಗಳು ಖಾಲಿ. ದೊಡ್ಡದೊಂದು ಥರ್ಮೋಕೋಲ್ ಪೆಟ್ಟಿಗೆ, ಗೋಣಿ ತುಂಬ ಐಸ್ ರಿಕ್ಷಾದಲ್ಲಿ ಬಂತು. ಆಮೇಲೆ ಕರೆಂಟ್ ಹೋದ ರಾತ್ರಿಯೆಲ್ಲ ಅತ್ತೆಯ ಮಗ ನನ್ನೊಟ್ಟಿಗೆ ಕೂತು ಅರ್ಧ ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿದ. 16ಕ್ಕೆ ಇಳಿದರೆ ಐಸ್ ತೆಗೆ, 19 ದಾಟಿದರೆ ಹಾಕು. ಬಾಟಲಿಗಳಿಗೆಲ್ಲ ಬಂಗುಡೆ ವಾಸನೆ. ಹುಳಗಳಿಗೇನೂ ಬೇಸರವಾದಂತಿರಲಿಲ್ಲ.

ಲ್ಯಾಬಿನ ಅಟೆಂಡರ್ ಅಣ್ಣನಿಗೆ ಬೇರೆಯೇ ಹೇಳಬೇಕು. ರವೆ, ಬೆಲ್ಲ, ಅಗರ್, ಯೀಸ್ಟ್ ಹಾಕಿ ನೊಣಗಳಿಗೆ ಅಡುಗೆ ಮಾಡುತ್ತಿದ್ದವರು ಅವರು. "ನೊಣಕ್ಕೆ ಸಜ್ಜಿಗೆ, ನಿಮಗೆ ಉಪವಾಸವಾ?" ಎಂದು ತಮ್ಮ ಬುತ್ತಿಯಲ್ಲಿ ಅರ್ಧ ನನ್ನ ಕಡೆ ದೂಡುತ್ತಿದ್ದರು. ಅಮ್ಮನಿಗೆ ಇವತ್ತಿಗೂ ನಾನು ನೊಣ ಸಾಕುವುದು ಅಷ್ಟಕ್ಕಷ್ಟೆ. ಆದರೂ ಫೀಸು ಕಟ್ಟಲು ಬಳೆ ಅಡವಿಟ್ಟವಳು ಅವಳೇ. ಬಿಡಿಸಿ ಕೊಡುತ್ತೇನೆ ಅಮ್ಮ.

ಮಾವ, ಪೆಟ್ಟಿಗೆ ಇನ್ನೂ ನನ್ನ ಹತ್ತಿರವೇ ಇದೆ. ಆದಿತ್ಯವಾರ ತೊಳೆದು ತರುತ್ತೇನೆ.