ಟೆಡ್ಡಿ ಮತ್ತು ತೀರ್ಥಹಳ್ಳಿ ಬಸ್ಸು

ತೀರ್ಥಹಳ್ಳಿ
16-2-2026

ಪುಟ್ಟಿ,

ಈ ಸಲ ಪ್ರೇಮಿಗಳ ದಿನ ಶನಿವಾರ ಬಂತು, ಮರುದಿನವೇ ಶಿವರಾತ್ರಿ. ಹಾಗಾಗಿ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದೇ ಅಂಗಡಿಯಲ್ಲಿ ಈ ಕಡೆ ಬಿಲ್ವಪತ್ರೆ, ಆ ಕಡೆ ಕೆಂಪು ಗುಲಾಬಿ. ನಾನು ಪತ್ರೆಗೆ ಅಂತ ನಿಂತಿದ್ದೆ. ಸುತ್ತ ಎಲ್ಲ ಕಾಲೇಜು ಹುಡುಗರು.

ಗುಲಾಬಿ ಒಂದಕ್ಕೆ 50 ರೂಪಾಯಿ! "ಬೆಂಗಳೂರು, ಹೊಸೂರು ಕಡೆ ಮಾಲು ಅಕ್ಕ, ಇವತ್ತೊಂದಿನ ಹೀಗೇ" ಅಂದಳು ಹೂವಿನವಳು. ಆ ಕಡೆ ಬೆಳೆಯುವ ಉದ್ದ ಕಡ್ಡಿಯ ಕೆಂಪು ತಳಿಗೆ ತಾಜ್ ಮಹಲ್ ಅಂತ ಹೆಸರು. ಫೆಬ್ರವರಿ 14ಕ್ಕೆ ಸರಿಯಾಗಿ ಹೂ ಸಿಗಲಿ ಅಂತ ಡಿಸೆಂಬರಿನಲ್ಲೇ ಗಿಡ ಸವರುತ್ತಾರೆ. ಕೊಡುವ ಹುಡುಗನಿಗಿಂತ ಬೆಳೆದವನಿಗೇ ಮುಂದಾಲೋಚನೆ ಜಾಸ್ತಿ, ಅಲ್ವಾ? ಹೂ ಕೊಂಡ ಒಬ್ಬನಿಗೆ ಅದನ್ನು ಎಲ್ಲಿಡಬೇಕು ಅಂತಲೇ ತಿಳಿಯಲಿಲ್ಲ. ಹೆಲ್ಮೆಟ್ಟಿನೊಳಗೆ ಮಲಗಿಸಿ, ಹೆಲ್ಮೆಟ್ಟನ್ನು ಟ್ಯಾಂಕಿನ ಮೇಲಿಟ್ಟುಕೊಂಡು ಹೊರಟ. ಪೊಲೀಸರು ಹಿಡಿದಿದ್ದರೆ ಏನು ಹೇಳುತ್ತಿದ್ದನೋ!

ಅದೇ ಗಲಾಟೆಯಲ್ಲಿ ಪಂಚೆಯುಟ್ಟ ವಯಸ್ಸಾದವರೊಬ್ಬರು ಸುರಗಿ ಹೂ ಇದೆಯಾ ಅಂತ ಕೇಳಿದರು. ಈಗಷ್ಟೇ ಶುರುವಾಗಿದೆ, ಒಂದು ದಂಡೆ ಇತ್ತು, ಸ್ವಲ್ಪ ಬಾಡಿತ್ತು. "ಒಣಗಿದ್ರೂ ಅಡ್ಡಿಲ್ಲ, ಅವಳು ಸೀರೆ ಪೆಟ್ಟಿಗೆಗೆ ಹಾಕ್ತಾಳೆ" ಅಂದರು. ಸುರಗಿ ಒಣಗಿದರೂ ಘಮ ಹೋಗುವುದಿಲ್ಲ, ನಿಂಗೂ ಗೊತ್ತಲ್ಲ. ಅವತ್ತು ಯಾವ ದಿನ ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ. ಕೊಟ್ಟದ್ದು ಎಲ್ಲಿಗೆ ಹೋಗಿ ಸೇರುತ್ತದೆ ಅನ್ನುವುದಂತೂ ಗೊತ್ತಿತ್ತು.

ಇದು ತಲೆಯಲ್ಲಿ ಉಳಿದದ್ದು ತೀರ್ಥಹಳ್ಳಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ನಡೆದ ಸಂಗತಿಯಿಂದ. ನನ್ನ ಪಕ್ಕ ಒಂದು ಹುಡುಗಿ ಬಂದು ಕೂತಳು, ತೊಡೆಯ ಮೇಲೆ ಅವಳಷ್ಟೇ ದೊಡ್ಡ ಟೆಡ್ಡಿ. ಕಿಟಕಿಯ ಹೊರಗೆ ನಿಂತಿದ್ದ ಹುಡುಗ ಬಸ್ಸು ಹೊರಡುವವರೆಗೂ ನಗುತ್ತಿದ್ದ. ಪಾಪ, ಒಳ್ಳೆಯವನ ಹಾಗೇ ಕಂಡ. ಆದರೆ ಇವಳು ಇದನ್ನು ಹೊತ್ತುಕೊಂಡು ಹೋಗುವುದು ಅಪ್ಪ, ಅಜ್ಜಿ ಎಲ್ಲ ಇರುವ ಮನೆಗೆ ಅನ್ನುವ ಯೋಚನೆ ಅವನಿಗೆ ಬಂದ ಹಾಗೆ ಕಾಣಲಿಲ್ಲ.

ಗಾಜನೂರು ದಾಟುವವರೆಗೆ ಅವಳು ಫೋನ್ ನೋಡಿ ನಗುತ್ತಿದ್ದಳು. ಸಕ್ರೆಬೈಲು ಬರುವಾಗ ನಗು ನಿಂತಿತು. ಮಂಡಗದ್ದೆ ಹತ್ತಿರವಾದಂತೆ ಟೆಡ್ಡಿಯ ಕುತ್ತಿಗೆಯ ಕೆಂಪು ರಿಬ್ಬನ್ ಬಿಚ್ಚಿದಳು. ಹಾರ್ಟ್ ಇದ್ದ ಕಾರ್ಡನ್ನು ರೆಕಾರ್ಡ್ ಪುಸ್ತಕದೊಳಗೆ ತುರುಕಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಆಂಟಿ, ಅಕ್ಕನ ಮಗುವಿಗೆ ತಂದೆ ಅಂದ್ರೆ ನಂಬ್ತಾರಾ?"

ನಾನೇನು ಹೇಳಲಿ! ಬುದ್ಧಿ ಹೇಳುವುದಕ್ಕೆ ಅವಳು ನನ್ನ ಮಗಳಲ್ಲ. ಸುಮ್ನೆ ಕೂರುವುದಕ್ಕೂ ಮನಸ್ಸಾಗಲಿಲ್ಲ. "ಬೆಲೆ ಚೀಟಿ ಕಿತ್ತು ಹಾಕು ಮೊದಲು" ಅಂದೆ. 1,499 ಅಂತ ಇತ್ತು. ಅಷ್ಟು ದುಡ್ಡಿನ ಬೊಂಬೆಯನ್ನು ಯಾವ ಚಿಕ್ಕಮ್ಮ ತರ್ತಾಳೆ? ಅವಳು ಹಲ್ಲಿನಿಂದ ದಾರ ಕಚ್ಚಿ ಕಿತ್ತಳು. ಕಂಡಕ್ಟರ್ ಕೈಕೊಟ್ಟು ಟೆಡ್ಡಿಯನ್ನು ಇಳಿಸಿದ. ಮನೆಯಲ್ಲಿ ಏನಾಯಿತೋ, ನೆನೆಸಿಕೊಂಡರೆ ಇನ್ನೂ ನಗು ಬರುತ್ತದೆ.

ನಿಮ್ಮಪ್ಪನಿಗೆ ಹೇಳಿದರೆ, "ಬಿಲ್ವಪತ್ರೆ ಎಷ್ಟು ಕೊಟ್ಟೆ?" ಅಂತ ಕೇಳಿದರು.

ನಿನಗೆ ಯಾರಾದರೂ ಏನಾದರೂ ಕೊಟ್ಟರಾ ಅಂತ ನಾನು ಕೇಳುವುದಿಲ್ಲ. ಕೊಟ್ಟಿದ್ದರೆ ಯುಗಾದಿಗೆ ಬರುವಾಗ ರಾಜಾರೋಷವಾಗಿ ತಗೊಂಡು ಬಾ. ಅಕ್ಕನ ಮಗುವಿನ ಕಥೆ ಮಾತ್ರ ಬೇಡ. ನಿನಗೆ ಅಕ್ಕನೇ ಇಲ್ಲ.

ಇಂತಿ,
ಅಮ್ಮ