ಲಂಪಾಂಗ್ ನೋಡಲು ಅರ್ಧ ದಿನ ಸಾಲದು

ಮಾನ್ಯರೇ,

ಥಾಯ್ಲೆಂಡ್ ಅಂದಕೂಡಲೇ ನಮ್ಮ ಪ್ರವಾಸ ಪುಟಗಳು ಬ್ಯಾಂಕಾಕ್, ಪಟ್ಟಾಯ, ಫುಕೆಟ್ ಬಿಟ್ಟು ಕದಲುವುದಿಲ್ಲ. ಈಚೆಗೆ ಉತ್ತರದ ಚಿಯಾಂಗ್ ಮಾಯ್ ಸೇರಿಕೊಂಡಿದೆ, ಅದರ ಬೆನ್ನಿಗೇ ‘ಲಂಪಾಂಗ್ – ಅರ್ಧ ದಿನ’ ಎಂಬ ಒಂದು ಸಾಲೂ ಕಾಣುತ್ತಿದೆ. ಆ ಸಾಲನ್ನು ನಂಬಿ ಹೋಗಬೇಡಿ ಎನ್ನಲು ಈ ಪತ್ರ. ನಡುಮಧ್ಯಾಹ್ನ ವ್ಯಾನಿನಿಂದ ಇಳಿದು ಮೂರು ಗಂಟೆಗೆ ಮತ್ತೆ ಹತ್ತುವವರಿಗೆ ಒಂದು ದೇಗುಲ, ಒಂದು ಸುತ್ತು ಕುದುರೆಗಾಡಿ, ನಾಲ್ಕು ಸೆಲ್ಫಿ ಸಿಗುತ್ತವೆ, ಊರು ಸಿಗುವುದಿಲ್ಲ. ಶನಿವಾರ ಬೆಳಿಗ್ಗೆಯ ಹೊತ್ತಿಗೆ ತಲುಪಿ ಎರಡು ರಾತ್ರಿ ಉಳಿಯುವುದು ಸರಿಯಾದ ಲೆಕ್ಕ.

ಶನಿವಾರವೇ ಯಾಕೆಂದರೆ, ವಾಂಗ್ ನದಿಯ ದಂಡೆಯಲ್ಲಿರುವ ಕಾಡ್ ಕೊಂಗ್ ತಾ ಬೀದಿಯ ಸಂತೆ ನಡೆಯುವುದು ಶನಿವಾರ, ಭಾನುವಾರದ ಸಂಜೆ. ವಾರದ ನಡುವೆ ಹೋದವರು ಮುಚ್ಚಿದ ಬಾಗಿಲುಗಳನ್ನು ನೋಡಿ ‘ಇಲ್ಲೇನೂ ಇಲ್ಲ’ ಎಂದು ವಾಪಸಾಗುತ್ತಾರೆ. ಆ ಬೀದಿಯ ಮನೆಗಳೇ ಊರಿನ ಚರಿತ್ರೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಇದು ತೇಗದ ಪಟ್ಟಣ. ಕೊಡಗಿನ ಕಾಫಿ ತೋಟಗಳಿಂದ ನಮಗೆ ಹೆಸರು ಪರಿಚಯವಿರುವ ಬಾಂಬೆ ಬರ್ಮಾ ಕಂಪನಿಯೂ ಇಲ್ಲಿ ಮರದ ವ್ಯಾಪಾರ ಮಾಡಿತ್ತು. ದಿಮ್ಮಿಗಳು ವಾಂಗ್ ನದಿಯಲ್ಲಿ ತೇಲಿ, ಪಿಂಗ್ ನದಿಗಿಳಿದು, ಚಾವೊ ಪ್ರಯಾ ಹಿಡಿದು ಬ್ಯಾಂಕಾಕ್ ಸೇರುತ್ತಿದ್ದವು. ದುಡ್ಡು ಮಾಡಿದ ಬರ್ಮೀಯರು, ಬರ್ಮಾ ಕಡೆಯ ಶಾನ್ ಜನ ಕಟ್ಟಿಸಿದ ವಾಟ್ ಸಿ ಚುಮ್, ವಾಟ್ ಸಿ ರೋಂಗ್ ಮುವಾಂಗ್‌ನಂಥ ದೇಗುಲಗಳು ಇಂದಿಗೂ ಇವೆ. ಕಡಿದ ಮರಗಳಲ್ಲಿ ನೆಲೆಸಿದ್ದ ದೈವಗಳ ಸಮಾಧಾನಕ್ಕೆ ಕಟ್ಟಿಸಿದ್ದು ಎಂಬ ಮಾತಿದೆ. 1916ರಲ್ಲಿ ರೈಲು ಬಂದ ಮೇಲೆ ವ್ಯಾಪಾರ ನಿಲ್ದಾಣದ ಕಡೆಗೆ ಸರಿಯಿತು. ನದಿಬೀದಿಯನ್ನು ಕೆಡವಿ ಹೊಸದು ಕಟ್ಟುವ ಗರಜು ಯಾರಿಗೂ ಬೀಳಲಿಲ್ಲ. ಹಾಗಾಗಿ ಉಳಿಯಿತು.

ಮುಖ್ಯ ದೇಗುಲ ವಾಟ್ ಫ್ರಾ ಥಾಟ್ ಲಂಪಾಂಗ್ ಲುವಾಂಗ್ ಇರುವುದು ಊರಿನಲ್ಲಲ್ಲ, ನೈಋತ್ಯಕ್ಕೆ 18 ಕಿ.ಮೀ. ದೂರದಲ್ಲಿ, ಕೊ ಖಾ ತಾಲ್ಲೂಕಿನಲ್ಲಿ. ಹಂಚಿಕೆಯ ಸೊಂಗ್‌ತ್ಯಾವ್ (ಎದುರು-ಬದುರು ಬೆಂಚಿನ ಪಿಕಪ್) ಕೊ ಖಾ ಪೇಟೆಯವರೆಗೆ ಹೋಗುತ್ತದೆ, ಮುಂದಿನ ಎರಡು-ಮೂರು ಕಿ.ಮೀ. ನಿಮ್ಮ ಪಾಡು. ಮಧ್ಯಾಹ್ನದ ಮೇಲೆ ವಾಪಸ್ ಗಾಡಿ ಸಿಗುವುದು ಕಷ್ಟ. ಹೋಗಿ, ಕಾದು, ಕರೆತರುವುದಕ್ಕೆ ಸೇರಿಸಿ ಇಡೀ ಗಾಡಿಯನ್ನೇ ಗೊತ್ತುಮಾಡಿ, ದರವನ್ನು ಹತ್ತುವ ಮುಂಚೆಯೇ ಮುಗಿಸಿಕೊಳ್ಳಿ. ನಾಲ್ಕು ಕಡೆಯೂ ಗೋಡೆಯಿಲ್ಲದ ತೇಗದ ಕಂಬಗಳ ದೊಡ್ಡ ವಿಹಾರ 1476ರದು. ಹಿಂದಿನ ಚೇತಿಯದ (ಸ್ತೂಪದ) ಕಟಕಟೆಯಲ್ಲಿ ಒಂದು ಗುಂಡಿನ ತೂತಿದೆ. 1732ರಲ್ಲಿ ಬರ್ಮೀಯರ ಪರ ಇಲ್ಲಿ ಬೀಡುಬಿಟ್ಟಿದ್ದ ದಂಡನಾಯಕನನ್ನು ತಿಪ್ ಚಾಂಗ್ ಎಂಬ ಬೇಟೆಗಾರ ನೀರು ಹೋಗುವ ಕಿಂಡಿಯಿಂದ ನುಸುಳಿ ಬಂದು ಹೊಡೆದನಂತೆ. ಅವನ ಮೊಮ್ಮಗ ಕಾವಿಲ ಮುಂದೆ ಚಿಯಾಂಗ್ ಮಾಯ್ ಪಟ್ಟಣಕ್ಕೆ ಮತ್ತೆ ಜೀವ ತುಂಬಿದ ಅರಸ.

ಜನ ಮುಗಿಬೀಳುವುದು ತಲೆಕೆಳಗಾದ ಚೇತಿಯದ ನೆರಳಿಗೆ. ಬುದ್ಧಪಾದದ ಕತ್ತಲೆಯ ಗುಡಿಯಲ್ಲಿ ಸಣ್ಣ ರಂಧ್ರದಿಂದ ಬಂದ ಬೆಳಕು ಬಿಳಿ ಬಟ್ಟೆಯ ಮೇಲೆ ಚೇತಿಯವನ್ನು ಬಣ್ಣಸಮೇತ ಉಲ್ಟಾ ಮೂಡಿಸುತ್ತದೆ. ಹಂಪಿಯ ವಿರೂಪಾಕ್ಷ ದೇಗುಲದಲ್ಲಿ ಗೋಪುರದ ನೆರಳು ನೋಡಿದವರಿಗೆ ತತ್ವ ಹೊಸದಲ್ಲ. ಮೋಡವಿದ್ದರೆ ಏನೂ ಕಾಣದು. ಬಾಗಿಲು ತೆರೆದಿಟ್ಟರೆ ಚಿತ್ರ ಅಳಿಸಿಹೋಗುತ್ತದೆ. ಹೊರಗಿನ ಬಿಸಿಲಿನಿಂದ ಬಂದ ಕಣ್ಣು ಕತ್ತಲೆಗೆ ಹೊಂದಲು ಒಂದೆರಡು ನಿಮಿಷ ಬೇಕು, ಗುಂಪಿನಲ್ಲಿ ಬಂದವರು ಅಷ್ಟೂ ಕಾಯದೆ ಹೊರಬೀಳುತ್ತಾರೆ. ಹೆಂಗಸರನ್ನು ಆ ಗುಡಿಗೆ ಹತ್ತಲು ಬಿಡುವುದಿಲ್ಲ. ಅದು ಸರಿಯೇ ಎಂಬ ಚರ್ಚೆ ಹಾಗಿರಲಿ, ಪ್ಯಾಕೇಜ್ ಮಾರುವವರು ಇದನ್ನು ಮೊದಲೇ ಹೇಳದಿರುವುದಂತೂ ಸರಿಯಲ್ಲ. ಅದೇ ಆವರಣದ ವಿಹಾರ್ನ್ ಫ್ರಾ ಫುಟ್‌ನಲ್ಲಿಯೂ ನೆರಳು ಬೀಳುತ್ತದೆ, ಅಲ್ಲಿ ಎಲ್ಲರೂ ನೋಡಬಹುದು. ಭುಜ, ಮಂಡಿ ಮುಚ್ಚುವ ಬಟ್ಟೆಯಿರಲಿ.

ಬ್ಯಾಂಕಾಕಿನಿಂದ ಲಂಪಾಂಗ್ ರೈಲಿನಲ್ಲಿ 642 ಕಿ.ಮೀ. ಸಂಜೆ ಹೊರಡುವ ಸ್ಲೀಪರ್ ಬೆಳಗಿನ ಜಾವ ಮುಟ್ಟಿಸುತ್ತದೆ. ಎರಡು ಎಚ್ಚರಿಕೆ: ಉತ್ತರದ ಎಕ್ಸ್‌ಪ್ರೆಸ್‌ಗಳು 2023ರ ಜನವರಿಯಿಂದ ಹುವಾ ಲಂಫೊಂಗ್ ಬಿಟ್ಟು ಕ್ರುಂಗ್ ತೆಪ್ ಅಪಿವಾಟ್ ನಿಲ್ದಾಣದಿಂದ ಹೊರಡುತ್ತವೆ, ಹಳೆಯ ಕೈಪಿಡಿ ಹಿಡಿದವರು ಇಲ್ಲೇ ಎಡವುತ್ತಾರೆ. ಇನ್ನು, ಲಂಪಾಂಗ್ ಕೊನೆಯ ನಿಲ್ದಾಣವಲ್ಲ, ಅಲಾರಂ ಇಟ್ಟುಕೊಂಡೇ ಮಲಗಿ. ಚಿಯಾಂಗ್ ಮಾಯ್‌ನಿಂದ ಬರುವವರಿಗೆ ಬಸ್ಸು ಬೇಗ, ರೈಲು ಚೆಂದ: ದಾರಿಯಲ್ಲಿ 1,352 ಮೀಟರಿನ ಖುನ್ ತಾನ್ ಸುರಂಗವಿದೆ.

ಸಸ್ಯಾಹಾರಿಗಳು ‘ವೆಜ್’ ಎಂದರೆ ಸಾಲದು. ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ, ಖಾರದ ಚಟ್ನಿಯಲ್ಲಿ ಸಿಗಡಿ ಇರುತ್ತದೆ. ‘ಜೇ’ ಎಂದು ಕೇಳಿ, ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿರುವ ಅಂಗಡಿ ಹುಡುಕಿ. ಅಲ್ಲಿ ಮಾಂಸ, ಮೊಟ್ಟೆ ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಕಲ್ಲಂಗಡಿ ರಸ ಬೆರೆಸಿದ ಅಂಟಕ್ಕಿಯನ್ನು ಒಣಗಿಸಿ ಕರಿದು ಬೆಲ್ಲ ಸುರಿದ ‘ಖಾವ್ ತಾನ್’ ಈ ಊರಿನದೇ ತಿಂಡಿ. ನಗದು ಜತೆಗಿರಲಿ. ನಮ್ಮ ಕಾರ್ಡಿಗೆ ಎಟಿಎಂ ಪ್ರತಿ ಸಲ 200 ಬಾತ್‌ಗೂ ಹೆಚ್ಚು ಶುಲ್ಕ ಹಿಡಿಯುತ್ತದೆ, ಪದೇ ಪದೇ ಸ್ವಲ್ಪ ಸ್ವಲ್ಪ ತೆಗೆಯುವುದು ನಷ್ಟ.

2025ರ ಮೇ 1ರಿಂದ ಥಾಯ್ಲೆಂಡಿಗೆ ಇಳಿಯುವ ಮುನ್ನ ಮೂರು ದಿನದೊಳಗೆ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕು. ಸರ್ಕಾರಿ ಜಾಲತಾಣದಲ್ಲಿ ಅದು ಉಚಿತ. ದುಡ್ಡು ಕೇಳಿದರೆ ನೀವು ಬೇರೆಲ್ಲೋ ಹೋಗಿದ್ದೀರಿ ಎಂದೇ ಅರ್ಥ.

ಕಡೆಯದಾಗಿ ತಿಂಗಳು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾಡಿಗೆ, ಗದ್ದೆಯ ಕೂಳೆಗೆ ಬೀಳುವ ಬೆಂಕಿಯ ಹೊಗೆ ಬೆಟ್ಟಗಳ ನಡುವಿನ ಈ ಬಯಲಿನಿಂದ ಹೊರಹೋಗದೆ ಕೂರುತ್ತದೆ. ನಮ್ಮ ಶಾಲೆಗಳ ಬೇಸಿಗೆ ರಜೆ ಶುರುವಾಗುವುದೂ ಆಗಲೇ. ಮಕ್ಕಳು, ಉಬ್ಬಸದವರು ಇರುವ ಕುಟುಂಬಗಳು ಆ ರಜೆಯನ್ನು ಬೇರೆ ಊರಿಗೆ ಇಟ್ಟುಕೊಂಡು, ಲಂಪಾಂಗನ್ನು ನವೆಂಬರ್‌ನಿಂದ ಜನವರಿಯೊಳಗೆ ನೋಡಲಿ.

– ಓದುಗ, ಮೈಸೂರು